ಕ್ಯಾಮೆರಾ ಕಂಡಲ್ಲಿ 100, ದಾಟಿದ ಮೇಲೆ 140: ಮೈಸೂರು ಹೆದ್ದಾರಿಯಲ್ಲಿ ಕೊಂಡಿ ಕಳಚೋದು ಎಲ್ಲಿ?

ದಾರಿಬುತ್ತಿ

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಮೊದಲ ಕೆಲವೇ ತಿಂಗಳಲ್ಲಿ ಅಲ್ಲಿನ ಸಾವುಗಳು ಪೇಪರಿನ ಕಾಯಂ ಅಂಕಣವೇ ಆಗಿಹೋದವು. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರೋಡಿಗೆ ಇಳಿಸಿದರು. ಸ್ಪೀಡ್ ಗನ್ ಬಂತು, ಕ್ಯಾಮೆರಾ ಬಂತು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಗಂಟೆಗೆ 130 ಕಿ.ಮೀ. ದಾಟಿದರೂ ಬರೀ ದಂಡ ಅಲ್ಲ, ಎಫ್‌ಐಆರ್ ಅಂದರು.

ಈಗ ಆ ದಾರೀಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಕ್ಯಾಮೆರಾ ಕಂಬ ಕಂಡ ತಕ್ಷಣ ಬ್ರೇಕ್, ಕಂಬ ದಾಟಿ ಇನ್ನೂರು ಮೀಟರ್ ಹೋಗುತ್ತಲೇ ಮತ್ತೆ ಕಾಲು ಪೂರ್ತಿ ಕೆಳಗೆ. ದಂಡದ ಮೆಸೇಜ್ ಬಂದರೆ ಕಾರಿನ ಮಾಲೀಕ ಕಟ್ಟುತ್ತಾನೆ ಇಲ್ಲವೇ ಬಿಡುತ್ತಾನೆ. ಓಡಿಸಿದವನ ಲೈಸೆನ್ಸ್ ಜೇಬಲ್ಲೇ ಭದ್ರ.

ನನ್ನ ಪ್ರಶ್ನೆ ಇಷ್ಟೇ. ತಪ್ಪು ಕ್ಯಾಮೆರಾದಲ್ಲಿ ಸಿಕ್ಕಿದ ಕ್ಷಣದಿಂದ ಲೈಸೆನ್ಸ್ ಅಮಾನತಿನವರೆಗೆ ಕಾನೂನಲ್ಲಿ ದಾರಿ ಇದೆಯಾ? ಇದ್ದರೆ ಎಲ್ಲಿ ತುಂಡಾಗ್ತಿದೆ? ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ಅಂತ ಬೈಯೋಕೆ ಬೇರೆ ಜಾಗ ಬೇಕಾದಷ್ಟಿದೆ. ಇಲ್ಲಿ ಕೆಲಸದ ಮಾತು ಬರೀರಿ.

ಮೂರನೇ ಲೇನ್

ಮೊದಲು ಲೆಕ್ಕ. "ರಸ್ತೆ ಚೆನ್ನಾಗಿದೆ, 130 ಹೋದ್ರೆ ಏನೀಗ" ಅನ್ನೋರು ಈ ಲೆಕ್ಕ ಮಾಡಿರೋದಿಲ್ಲ.

ಒಣ ಡಾಂಬರು, ಒಳ್ಳೇ ಟಯರು, ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. 100ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತೆ. ಬ್ರೇಕ್ ಮುಟ್ಟೋ ಹೊತ್ತಿಗೆ 42 ಮೀಟರ್ ಹೋಯ್ತು, ನಿಲ್ಲೋಕೆ ಇನ್ನೂ 56. ಒಟ್ಟು 98 ಮೀಟರ್. 130ರಲ್ಲಿ ಇದೇ ಲೆಕ್ಕ 54 ಮತ್ತು 95, ಅಂದ್ರೆ ಸುಮಾರು 149 ಮೀಟರ್.

ಅರ್ಧ ಫುಟ್‌ಬಾಲ್ ಮೈದಾನದಷ್ಟೇ ತಾನೆ ಹೆಚ್ಚು ಅನ್ನಬೇಡಿ. 100ರ ಕಾರು ಪೂರ್ತಿ ನಿಂತ ಜಾಗಕ್ಕೆ ಬಂದಾಗ 130ರ ಕಾರಿನ ವೇಗ ಇನ್ನೂ 95. ಎದುರಿಗೆ ಕೆಟ್ಟು ನಿಂತ ಲಾರಿ ಇದ್ದರೆ ಮೊದಲನೆಯವನು ಬೈಕೊಂಡು ಪಕ್ಕಕ್ಕೆ ಹೋಗುತ್ತಾನೆ, ಎರಡನೆಯವನು 95ರಲ್ಲಿ ಲಾರಿ ಕೆಳಗೆ ನುಗ್ಗುತ್ತಾನೆ. ಮಳೆ ಬಿದ್ದ ರಸ್ತೆಯಲ್ಲಿ 100ಕ್ಕೇ 140 ಮೀಟರ್ ಬೇಕು. ಅಂದಹಾಗೆ, ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಅದೇ 100ರಲ್ಲಿ ಹೋಗುವ ಮಹನೀಯರಿಗೆ ದೊಡ್ಡ ನಮಸ್ಕಾರ. ಲೇನ್ ಬದಲಿಸುವಾಗ ಯಾವ ಕಡೆಗೆ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು?

ದಾರಿಬುತ್ತಿ ಹೇಳಿದ ಕಂಬದ ಹತ್ತಿರದ ಬ್ರೇಕ್ ಆಟಕ್ಕೆ ಮದ್ದು ಸರಾಸರಿ ವೇಗ ಹಿಡಿಯೋದು. ಎರಡು ಕಂಬ, ನಡುವೆ 12 ಕಿ.ಮೀ. ಅಂದ್ಕೊಳ್ಳಿ. 100ರಲ್ಲಿ ಹೋದರೆ 7 ನಿಮಿಷ 12 ಸೆಕೆಂಡ್. ಒಂದು ಗಾಡಿ 6 ನಿಮಿಷಕ್ಕೇ ಎರಡನೇ ಕಂಬ ಮುಟ್ಟಿದರೆ ಅದರ ಸರಾಸರಿ 120. ಕಂಬದ ಬಳಿ 80ಕ್ಕೆ ಇಳಿಸಿದ್ದೆ ಅನ್ನೋದಕ್ಕೆ ಅರ್ಥವೇ ಇರೋದಿಲ್ಲ.

ಸ್ಟಾಪ್ ಲೈನ್

ಮೂರನೇ ಲೇನ್ ಅವರೇ, ಸರಿ, ಆದರೆ ಅಂತರ ಎಷ್ಟಿಡಬೇಕು ಅನ್ನೋದರಲ್ಲೇ ಇದರ ಗೆಲುವು ಸೋಲು ಎರಡೂ ಇದೆ. ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ 5 ಸೆಕೆಂಡ್ ವ್ಯತ್ಯಾಸ ಬಂತು ಅಂತಿಟ್ಟುಕೊಳ್ಳಿ. 12 ಕಿ.ಮೀ. ಅಂತರದಲ್ಲಿ 100ರಲ್ಲಿ ಹೋದವನು 101 ಅಂತ ತೋರಿಸಬಹುದು, ಏನೂ ಆಗೋದಿಲ್ಲ. ಅದೇ 1 ಕಿ.ಮೀ. ಅಂತರದಲ್ಲಿ ಆ 5 ಸೆಕೆಂಡ್ ಅವನನ್ನು 116 ಮಾಡಿಬಿಡುತ್ತೆ. ನ್ಯಾಯಾಲಯದಲ್ಲಿ ಒಂದು ಕೇಸ್ ಹೀಗೆ ಬಿದ್ದರೆ ಇಡೀ ವ್ಯವಸ್ಥೆಯ ಮಾನ ಹೋಯ್ತು. ಇನ್ನೊಂದು ಕಡೆ, ಅಂತರ ಬಹಳ ಉದ್ದ ಆದರೆ ನಡುವೆ ತಟ್ಟೆ ಇಡ್ಲಿ ತಿನ್ನೋಕೆ ಹದಿನೈದು ನಿಮಿಷ ನಿಂತವನ ಪಾಪ ಎಲ್ಲ ತೊಳೆದುಹೋಗುತ್ತೆ. ಆದ್ದರಿಂದ ಎರಡು ಎಕ್ಸಿಟ್‌ಗಳ ನಡುವಿನ ತುಂಡು ಆರಿಸೋದು ವಾಸಿ, ಹೋಟೆಲ್‌ಗೆ ಇಳಿಯುವ ದಾರಿ ಆ ತುಂಡಲ್ಲಿ ಬರಬಾರದು.

ಸ್ಪೀಡ್ ಗನ್ ಬಗ್ಗೆ ಒಂದು ತಪ್ಪು ಕಲ್ಪನೆ ಓಡಾಡ್ತಿದೆ: "ಪಕ್ಕದಿಂದ ಹಿಡಿದರೆ ಜಾಸ್ತಿ ತೋರಿಸುತ್ತೆ". ಉಲ್ಟಾ. ಲೇಸರ್ ಗನ್ ಅಳೆಯೋದು ತನ್ನ ಕಡೆಗೆ ಬರುವ ವೇಗ ಮಾತ್ರ. ಪಕ್ಕಕ್ಕೆ 10 ಡಿಗ್ರಿ ತಿರುಗಿಸಿ ಹಿಡಿದರೆ 120ರ ಗಾಡಿ 118 ತೋರಿಸುತ್ತೆ, 20 ಡಿಗ್ರಿ ಆದರೆ 113. ಓರೆ ಆದಷ್ಟೂ ಲಾಭ ಡ್ರೈವರಿಗೇ. ನಿಜವಾದ ತಕರಾರು ಬರಬೇಕಾದ್ದು ಬೇರೆ ಕಡೆ: ಗುಂಪಲ್ಲಿ ಬರುವ ಮೂರು ಕಾರಲ್ಲಿ ಕಿರಣ ಬಿದ್ದದ್ದು ಯಾವುದಕ್ಕೆ, ಯಂತ್ರದ ವಾರ್ಷಿಕ ಪ್ರಮಾಣಪತ್ರ ಚಾಲ್ತಿಯಲ್ಲಿದೆಯಾ, ಫೋಟೊದಲ್ಲಿ ಗುರಿಯ ಗುರುತು ಯಾವ ನಂಬರ್ ಪ್ಲೇಟ್ ಮೇಲಿದೆ. ಇವು ಮೂರು ಕೇಳಿ.

ಇನ್ನು ನಂಬರ್ ಪ್ಲೇಟ್. ನಂಬರ್ ಓದುವ ಕ್ಯಾಮೆರಾ ರಾತ್ರಿ ಕೆಲಸ ಮಾಡೋದು ಇನ್‌ಫ್ರಾರೆಡ್ ಬೆಳಕಲ್ಲಿ, ಆ ಬೆಳಕನ್ನು ಹಿಂದಕ್ಕೆ ಎಸೆಯೋದು ಎಚ್‌ಎಸ್‌ಆರ್‌ಪಿಯ ಪ್ರತಿಫಲಕ ಹಾಳೆ. ಕಾರಿಗೆ 500 ಗುಣಿಸು 120 ಮಿ.ಮೀ. ಅಥವಾ 340 ಗುಣಿಸು 200, ಬೈಕಿಗೆ 200 ಗುಣಿಸು 100. ಇದರ ಮೇಲೆ ಕಪ್ಪು ಗಾಜಿನ ಹೊದಿಕೆ, ಅಲಂಕಾರದ ಅಕ್ಷರ, ಅರ್ಧ ಮಡಚಿದ ತಗಡು, ಬೇಕಂತಲೇ ಬಳಿದ ಕೆಸರು ಬಂದರೆ ಕ್ಯಾಮೆರಾ ಕುರುಡು. ಬೆಂಗಳೂರಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ 250 ನಂಬರ್ ಓದುವ ಕ್ಯಾಮೆರಾ, 80 ಕೆಂಪುದೀಪದ ಕ್ಯಾಮೆರಾ ಹಾಕಿದರು. ಅಷ್ಟು ದುಡ್ಡು ಸುರಿದದ್ದು ನೂರು ರೂಪಾಯಿ ಪ್ಲಾಸ್ಟಿಕ್ ಹೊದಿಕೆಗೆ ಸೋಲಬಾರದು. ಟೋಲ್ ಗೇಟಲ್ಲಿ ಗಾಡಿ ಹೇಗೂ ನಿಧಾನ ಆಗುತ್ತೆ, ಅಲ್ಲೇ ಒಬ್ಬ ಸಿಬ್ಬಂದಿ ಪ್ಲೇಟ್ ನೋಡಿದರೆ ಮುಗೀತು.

ಕೆಂಪುಗೂಟ

ಎಲ್ಲಾ ಸರಿ ಗುರು, ಆದರೆ ಮುಂದೆ ಕ್ಯಾಮೆರಾ ಇದೆ ಅಂತ ಬೋರ್ಡ್ ಬೇರೆ ಹಾಕ್ತಾರಲ್ಲ. ಕಳ್ಳನಿಗೆ ಮೊದಲೇ ಫೋನ್ ಮಾಡಿ ಬರ್ತೀವಿ ಅಂದ ಹಾಗೆ.

ವಕಾಲತ್ತು

ಕೆಂಪುಗೂಟ ಅವರೇ, ಆ ಬೋರ್ಡ್ ಪೊಲೀಸರ ಔದಾರ್ಯ ಅಲ್ಲ, ನಿಯಮವೇ ಹಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 136ಎ, ಅದರ ಕೆಳಗೆ 2021ರಲ್ಲಿ ಬಂದ ಕೇಂದ್ರ ನಿಯಮ 167ಎ. ಕ್ಯಾಮೆರಾ ಇರುವ ತುಂಡಿಗೆ ಮೊದಲೇ ಎಚ್ಚರಿಕೆ ಫಲಕ ಇರಬೇಕು, ಯಂತ್ರಕ್ಕೆ ಒಪ್ಪಿಗೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಹೋಗಬೇಕು. ಆ ನೋಟಿಸಿನಲ್ಲಿ ನಂಬರ್ ಪ್ಲೇಟ್ ಎದ್ದು ಕಾಣುವ ಫೋಟೊ, ಯಂತ್ರ ಅಳೆದ ಅಂಕಿ, ದಿನಾಂಕ, ಸಮಯ, ಜಾಗ, ಯಾವ ಕಲಂ ಮುರಿದದ್ದು, ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇಷ್ಟೂ ಬೇಕು. ಪ್ರಕರಣ ಮುಗಿಯೋವರೆಗೂ ಫೋಟೊ ಅಳಿಸುವಂತಿಲ್ಲ. ಇದರಲ್ಲಿ ಯಾವುದು ತಪ್ಪಿದರೂ ನಾನೇ ಆಗಲಿ ಇನ್ನೊಬ್ಬ ವಕೀಲನೇ ಆಗಲಿ ಮೊದಲು ಕೈ ಹಾಕೋದು ಅಲ್ಲಿಗೇ.

ಈಗ ದಾರಿಬುತ್ತಿಯವರ ಪ್ರಶ್ನೆಗೆ ಬರ್ತೀನಿ. ಲೈಸೆನ್ಸ್‌ವರೆಗೆ ದಾರಿ ಇದೆ. ಎರಡು ದಾರಿ ಇದೆ.

ರಸ್ತೆಯಲ್ಲಿ ಕೈಗೆ ಸಿಕ್ಕಿದರೆ ಕಲಂ 206ರ 4ನೇ ಉಪಕಲಂ. ಅತಿವೇಗ (183), ಅಪಾಯಕಾರಿ ಚಾಲನೆ (184), ಕುಡಿತ (185), ರೇಸ್ (189), ಮೂವರ ಸವಾರಿ, ಹೆಲ್ಮೆಟ್, ಆಂಬುಲೆನ್ಸಿಗೆ ದಾರಿ ಕೊಡದಿರುವುದು ಇವುಗಳಲ್ಲಿ ಪೊಲೀಸ್ ಅಧಿಕಾರಿ ಲೈಸೆನ್ಸ್ ವಶಕ್ಕೆ ತಗೊಂಡು ಆರ್‌ಟಿಒಗೆ ಕಳಿಸಬೇಕು. ಆರ್‌ಟಿಒ ಕಲಂ 19ರಲ್ಲಿ ನೋಟಿಸ್ ಕೊಟ್ಟು, ಅವನ ಮಾತು ಕೇಳಿ, ಕಾರಣ ಬರೆದು ಅಮಾನತು ಮಾಡಬೇಕು. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಬರೆದದ್ದು ಇದೆ: ಅತಿವೇಗ, ಕೆಂಪುದೀಪ ಹಾರುವುದು, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲ್, ಸರಕು ಗಾಡಿಯಲ್ಲಿ ಓವರ್‌ಲೋಡ್ ಮತ್ತು ಜನ ತುಂಬುವುದು, ಇವುಗಳಿಗೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು.

ಕ್ಯಾಮೆರಾದಲ್ಲಿ ಸಿಕ್ಕಿದರೆ? ಕ್ಯಾಮೆರಾಗೆ ಗೊತ್ತಿರೋದು ನಂಬರ್, ನಂಬರಿಂದ ಸಿಗೋದು ಮಾಲೀಕ. ಓಡಿಸಿದ್ದು ಯಾರು? ಕೊಂಡಿ ಕಳಚೋದು ಇಲ್ಲೇ. ಇದಕ್ಕೆ ಕಾಯ್ದೆಯಲ್ಲಿ ಕಲಂ 133 ಅಂತ ಒಂದಿದೆ, ಯಾರ ಬಾಯಲ್ಲೂ ಬರೋದಿಲ್ಲ. ಪೊಲೀಸ್ ಕೇಳಿದರೆ ಆ ಹೊತ್ತಲ್ಲಿ ಯಾರು ಓಡಿಸುತ್ತಿದ್ದರು, ಅವರ ವಿಳಾಸ ಏನು, ಲೈಸೆನ್ಸ್ ಯಾವುದು ಅಂತ ಮಾಲೀಕ ಹೇಳಲೇಬೇಕು. ಹೇಳದಿದ್ದರೆ ಕಲಂ 187, ಆರು ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ. ನೋಟಿಸ್ ಜೊತೆಗೇ 133ರ ಒಂದು ಹಾಳೆ ಹೋದರೆ ಟ್ರಾವೆಲ್ಸ್ ಕಂಪನಿಗಳ ಕಾರುಗಳ ವಿಷಯದಲ್ಲಿ ಆಟವೇ ಬದಲಾಗುತ್ತೆ. ಸದ್ಯಕ್ಕೆ ದಂಡ ಕಟ್ಟಿದರೆ ಫೈಲ್ ಮುಚ್ಚಿಹೋಗುತ್ತೆ, ಆರ್‌ಟಿಒಗೆ ಸುದ್ದಿಯೇ ಮುಟ್ಟೋದಿಲ್ಲ.

130ರ ಎಫ್‌ಐಆರ್ ಬಗ್ಗೆಯೂ ಭ್ರಮೆ ಬೇಡ. ಭಾರತೀಯ ನ್ಯಾಯ ಸಂಹಿತೆಯ ಕಲಂ 281, ಹೆಚ್ಚೆಂದರೆ 6 ತಿಂಗಳು ಅಥವಾ 1,000 ರೂ., ಇಲ್ಲವೇ ಎರಡೂ. ಬಹುಪಾಲು ಸಾವಿರ ಕಟ್ಟಿ ಮುಗಿಯುತ್ತೆ. ಅದರ ಬೆಲೆ ಇರೋದು ದಂಡದಲ್ಲಲ್ಲ. ಪಾಸ್‌ಪೋರ್ಟು, ಸರ್ಕಾರಿ ಕೆಲಸದ ಪರಿಶೀಲನೆಯಲ್ಲಿ ಒಂದು ಕ್ರಿಮಿನಲ್ ಕೇಸ್ ಕಾಣಿಸಿಕೊಳ್ಳುತ್ತಲ್ಲ, ಅದರಲ್ಲಿ.

ಕೆಂಪುಗೂಟ

ಬೋರ್ಡ್ ವಿಷಯ ಒಪ್ಪಿದೆ. ದಂಡದ ವಿಷಯ ಮಾತ್ರ ಒಪ್ಪಲ್ಲ. ಕೇಂದ್ರ 2019ರ ಸೆಪ್ಟೆಂಬರ್‌ನಲ್ಲಿ ಹೆಲ್ಮೆಟ್ಟಿಗೆ 1,000 ಅಂತ ಮಾಡಿತು, ಅದೇ ತಿಂಗಳು ಕರ್ನಾಟಕ 500ಕ್ಕೆ ಇಳಿಸಿತು. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ಇದ್ದದ್ದು ಇಲ್ಲಿ 1,000. ಅದೂ ಸಾಲದು ಅಂತ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ. ದಸರಾ ಸೀರೆ ಸೇಲ್ ಆಯ್ತು. ದಂಡ ಬಂದ ದಿನವೇ ಕಟ್ಟಿದವನು ಪೆದ್ದ, ಎರಡು ವರ್ಷ ಕಾದವನು ಜಾಣ.

ವಕಾಲತ್ತು

ರಿಯಾಯಿತಿಯ ಪಾಠ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಕಿ ಅಷ್ಟು ಬೆಟ್ಟದಂತೆ ಬೆಳೆಯೋಕೆ ಕಾರಣ ಮೊತ್ತ ಕಡಿಮೆ ಅಂತಲ್ಲ, ಕಟ್ಟದಿದ್ದರೂ ಏನೂ ಆಗೋದಿಲ್ಲ ಅಂತ. 500 ಇರಲಿ 5,000 ಇರಲಿ, ಕಟ್ಟದೆ ಗಾಡಿ ಓಡುತ್ತೆ ಅಂದ ಮೇಲೆ ಎರಡೂ ಒಂದೇ ಸೊನ್ನೆ. ಇನ್ನೂರು ರೂಪಾಯಿ ದಂಡ, ಆದರೆ ತಪ್ಪಿದ ಪ್ರತಿ ಸಲ ಖಂಡಿತ ಬೀಳುತ್ತೆ ಅನ್ನೋ ಕಡೆ ಜನ ಹೆಚ್ಚು ಹೆದರ್ತಾರೆ.

ಧಾರವಾಡ ಫೇಡೆ

ನೀವೆಲ್ಲ ಆರು ಲೇನಿನ ಮಾತಾಡಾಕ ಹತ್ತೀರಿ. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್ ಕಡೆ ಒಂದೀಟ ನೋಡ್ರಿ. ಸುಮಾರು ಮೂವತ್ತು ಕಿ.ಮೀ., ವರ್ಷಾನುಗಟ್ಟಲೆ ಎರಡೇ ಲೇನು, ನಡುವ ಡಿವೈಡರ್ ಇರಲಿಲ್ಲ. ಮುಂಬೈ–ಬೆಂಗಳೂರಿನ ಅಷ್ಟೂ ಲಾರಿ ಅದರಾಗ. 2021ರ ಜನವರಿಯೊಳಗ ಇಟ್ಟಿಗಟ್ಟಿ ಹತ್ರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಮುಖಾಮುಖಿ ಆಗಿ ದಾವಣಗೆರೆಯ ಹೆಣ್ಮಕ್ಳು ಸತ್ತದ್ದು ಯಾರೂ ಮರೆತಿಲ್ಲ. ಅದಾದ ಮ್ಯಾಲೆ ಅಗಲ ಮಾಡೋ ಕೆಲಸ ಮುಂದಕ್ಕ ಬಂತು.

ಅಂಥ ರಸ್ತೆಯೊಳಗ ಓವರ್‌ಟೇಕಿನ ಲೆಕ್ಕ ಹಾಕ್ರಿ. 60ರಾಗ ಹೊಂಟ ಲಾರಿಯನ್ನ 80ರಾಗ ದಾಟಬೇಕಂದ್ರ ತಾಸಿಗೆ 20ರ ಮೇಲುಗೈ, ಅಂದ್ರ ಸೆಕೆಂಡಿಗೆ ಐದೂವರೆ ಮೀಟರ್. ಲಾರಿ ಹಿಂದ 20 ಮೀಟರ್, ಲಾರಿ ಉದ್ದ 12, ಮುಂದ 20, ನಿಮ್ಮ ಕಾರು 4. ಒಟ್ಟ 56 ಮೀಟರ್ ಜಾಸ್ತಿ ಹೋಗಬೇಕು, ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡಿನಾಗ ನೀವು 220 ಮೀಟರ್ ಹೋಗಿರ್ತೀರಿ, ಎದುರಿನವ 80ರಾಗ ಬಂದ್ರ ಅವನೂ 220 ಬಂದಿರ್ತಾನ. 450 ಮೀಟರ್ ಖಾಲಿ ಕಾಣದ ಓವರ್‌ಟೇಕ್ ಮಾಡೂದಂದ್ರ ಜೂಜಾಟ. ಹಿಂದ ಅಂಟಿಕೊಂಡು ಹೋಗಿ ಒಮ್ಮೆಲೆ ಹೊರಗ ಬೀಳಬ್ಯಾಡ್ರಿ, ಲಾರಿ ಹಿಂದಿಂದ 20 ಮೀಟರ್ ಬಿಟ್ಟರ ಮುಂದಿನದ ಕಾಣಿಸತೈತಿ. ಅಷ್ಟ ಜನಕ್ಕ ಹೇಳಿಕೊಡೋರಿಲ್ಲ. ಇದನ್ನ ಕ್ಯಾಮೆರಾ ಹಿಡಿಯೂದಿಲ್ರಿ, ಡಿವೈಡರ್ ಹಿಡಿಯತೈತಿ.

ಡಾಂಬರು

ಫೇಡೆ ಸಾಹೇಬ್ರು ಹೇಳಿದ್ದಕ್ಕೆ ನನ್ನ ಓಟು. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆ ಪ್ರಕಾರ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ತುಂಡಲ್ಲಿ 3 ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಸಾವು ಆದರೆ ಅದು ಬ್ಲ್ಯಾಕ್ ಸ್ಪಾಟ್. ಅಂದ್ರೆ ಜಾಗ ಪಟ್ಟಿಗೆ ಬರಬೇಕಾದ್ರೆ ಮೊದಲು ಜನ ಸಾಯಬೇಕು. ಅಲ್ಲಿವರೆಗೂ ಅದು ಬರೀ "ಡೇಂಜರ್ ತಿರುವು".

ಮೈಸೂರು ದಾರಿಯಲ್ಲಿ ಮುಖ್ಯ ರಸ್ತೆ ಆರು ಲೇನ್, ಎರಡೂ ಪಕ್ಕ ಎರಡೆರಡು ಲೇನಿನ ಸರ್ವಿಸ್ ರೋಡ್. ಅಪಘಾತ ಹುಟ್ಟೋ ಜಾಗ ಎಕ್ಸಿಟ್‌ಗಳು. ಬಲಗಡೆ ಲೇನಲ್ಲಿ 110ರಲ್ಲಿ ಬರ್ತಿದ್ದವನಿಗೆ ಎಕ್ಸಿಟ್ ಬೋರ್ಡ್ ಕಂಡಾಗ ಎರಡು ಲೇನ್ ಕತ್ತರಿಸಿ ಎಡಕ್ಕೆ ನುಗ್ತಾನೆ, ಇಲ್ಲವೇ ತಪ್ಪಿಹೋಯ್ತು ಅಂತ ನಿಲ್ಲಿಸಿ ರಿವರ್ಸ್ ತಗೋತಾನೆ. ಹೌದು, ಹೆದ್ದಾರಿಯಲ್ಲಿ ರಿವರ್ಸ್. ಬೋರ್ಡ್ ಎಕ್ಸಿಟ್ ಬಾಯಲ್ಲಿ ಒಂದೇ ಇದ್ದರೆ ಹೀಗೇ ಆಗೋದು. 2 ಕಿ.ಮೀ., 1 ಕಿ.ಮೀ., 500 ಮೀಟರ್ ಮೂರು ಕಡೆ ಇರಬೇಕು, ಊರ ಹೆಸರು ಕನ್ನಡದಲ್ಲಿ ದೊಡ್ಡದಾಗಿ. 100ರಲ್ಲಿ 500 ಮೀಟರ್ ಅಂದ್ರೆ ಬರೀ 18 ಸೆಕೆಂಡ್.

ರಸ್ತೆ ವಿನ್ಯಾಸದ ತಪ್ಪಿಂದ ಸಾವಾದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರದ ಮೇಲೆ 1 ಲಕ್ಷದವರೆಗೆ ದಂಡ ಹಾಕೋಕೆ ಕಲಂ 198ಎ ಇದೆ. ಸಾವಿರಾರು ಕೋಟಿ ಕೆಲಸಕ್ಕೆ ಒಂದು ಲಕ್ಷ. ನಗು ಬರುತ್ತೆ, ಆದರೂ ಪೊಲೀಸರು ಮಹಜರಲ್ಲಿ ರಸ್ತೆ ಸ್ಥಿತಿ ಬರೆದರೆ ಒಂದು ಶುರು. ಸಾಮಾನ್ಯವಾಗಿ ಬರೆಯೋದು "ಚಾಲಕನ ಅತಿವೇಗ ಮತ್ತು ಅಜಾಗರೂಕತೆ" ಅಂತ ಒಂದೇ ಸಾಲು.

ಮದ್ದೂರು ವಡೆ

ಮುಖ್ಯ ರಸ್ತೆ ಮಾತೇ ಆಯ್ತು, ಸರ್ವಿಸ್ ರೋಡ್ ಯಾರಿಗೂ ಬೇಡ. ಬೈಕು, ಆಟೊ, ಕಬ್ಬಿನ ಟ್ರ್ಯಾಕ್ಟರ್, ಎತ್ತಿನಗಾಡಿ, ಸ್ಕೂಲ್ ವ್ಯಾನ್, ಟೋಲ್ ತಪ್ಪಿಸೋ ಕಾರು ಎಲ್ಲವೂ ಅದರಲ್ಲೇ. ಅಂಡರ್‌ಪಾಸ್ ದೂರ ಇರೋ ಕಡೆ ಜನ ರಾಂಗ್ ಸೈಡಲ್ಲೇ ಬರೋದು. ದಂಡ ಹಾಕಿ ಅನ್ನೋರು ಹಾಕ್ಲಿ, ಎದುರು ದಿಕ್ಕಲ್ಲಿ ಓಡಿಸೋದು 184ರಲ್ಲೇ ಅಪಾಯಕಾರಿ ಚಾಲನೆ ಅಂತ ಹೆಸರಿಟ್ಟು ಬರೆದಿದ್ದಾರೆ. ಆದರೆ ಹಾಲಿನ ಡೇರಿಗೆ ಹೋಗೋಕೆ ಎರಡು ಕಿ.ಮೀ. ಸುತ್ತು ಅಂದ್ರೆ ಯಾವ ರೈತ ಸುತ್ತುತಾನೆ? ಎಲ್ಲಿ ದಿನಾ ರಾಂಗ್ ಸೈಡ್ ಬರ್ತಾರೋ ಅಲ್ಲಿ ದಾರಿ ಬೇಕಿದೆ ಅಂತಲೇ ಅರ್ಥ. ಮೊದಲು ಅದನ್ನ ಪಟ್ಟಿ ಮಾಡಿ.

ಇನ್ನೊಂದು. ಹದಿನಾರರ ಹುಡುಗರ ಕೈಗೆ ಬೈಕ್. ಕಲಂ 199ಎ ಪ್ರಕಾರ ಅಪ್ಪ ಅಥವಾ ಮಾಲೀಕನಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬೋವರೆಗೂ ಲೈಸೆನ್ಸ್ ಇಲ್ಲ. ಇದನ್ನ ಕಾಲೇಜ್ ಗೇಟಲ್ಲಿ ಹುಡುಗರಿಗೆ ಓದಿ ಹೇಳಬೇಡಿ, ಪೋಷಕರ ಸಭೆಯಲ್ಲಿ ಅಪ್ಪಂದಿರಿಗೆ ಹೇಳಿ. ಮುಖ ನೋಡಬೇಕು ಆಗ.

ಘಾಟಿ ಲಾರಿ

ಲಾರಿ, ಬಸ್ಸಿನ ಬಗ್ಗೆ ಯಾರೂ ಬರೆದಿಲ್ಲ ಮಾರಾಯ್ರೆ. ನಿಯಮ 118ರ ಪ್ರಕಾರ ಸಾರಿಗೆ ವಾಹನಕ್ಕೆ 80ರಲ್ಲಿ ಕಟ್ಟುವ ಸ್ಪೀಡ್ ಗವರ್ನರ್ ಬೇಕು, ಟಿಪ್ಪರ್, ಟ್ಯಾಂಕರ್, ಶಾಲಾ ಬಸ್ಸಿಗೆ 60. ಎಫ್‌ಸಿ (ಫಿಟ್ನೆಸ್ ಪರೀಕ್ಷೆ) ದಿನ ಎಲ್ಲಾ ಗಾಡಿಯಲ್ಲೂ ಉಂಟು, ಮರುದಿನ ಇಲ್ಲ. ಹಳೇ ಗಾಡಿಯಲ್ಲಿ ಸೀಲ್ ಒಡೆದಿರ್ತದೆ ಅಥವಾ ಸೆನ್ಸರಿನ ವಯರ್ ಬಿಚ್ಚಿರ್ತದೆ. ಹೊಸತರಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗೇ ಮಿತಿ ಇರುವುದು, ಅದನ್ನು ಲ್ಯಾಪ್‌ಟಾಪಲ್ಲಿ ಬದಲಿಸ್ತಾರೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸ್ಕ್ಯಾನರ್ ಹಾಕಿ ಓದಬೇಕು. ಬಸ್ಸುಗಳಲ್ಲಿ ಇನ್ನೂ ಸುಲಭ: ಕಡ್ಡಾಯದ ಟ್ರ್ಯಾಕಿಂಗ್ ಸಾಧನ ಇದ್ದರೆ ಅದರ ದಾಖಲೆಯಲ್ಲಿ ರಾತ್ರಿ ಎರಡು ಗಂಟೆಗೆ 105 ಅಂತ ಇರ್ತದೆ. ಕೇಳುವವರು ಬೇಕಷ್ಟೆ.

ರಾತ್ರಿ ಕೆಟ್ಟು ನಿಂತ ಲಾರಿಗೆ ಕಾರು ಹಿಂದಿನಿಂದ ನುಗ್ಗುವುದು ಬಹಳ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಪ್ರತಿಫಲಕ ಟೇಪ್ ಇರಬೇಕು. ಧೂಳು ಹಿಡಿದ ಟೇಪ್ ಇದ್ದೂ ಇಲ್ಲದ ಹಾಗೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಿಂಬದಿಯಲ್ಲಿ ಕಾರು ಒಳಗೆ ನುಗ್ಗದ ಹಾಗೆ ತಡೆಯುವ ಕಬ್ಬಿಣದ ಅಡ್ಡಪಟ್ಟಿ, ನೆಲದಿಂದ 550 ಮಿ.ಮೀ.ಗಿಂತ ಎತ್ತರ ಇರಬಾರದು. ಎಷ್ಟೋ ಲಾರಿಗಳಲ್ಲಿ ಅದು ಟಿಪ್ಪರ್ ಡೋರಿಗೆ ಅಡ್ಡ ಬರ್ತದೆ ಅಂತ ಕತ್ತರಿಸಿರ್ತಾರೆ, ಅಥವಾ ಎಫ್‌ಸಿಗೆ ಅಂತ ತೆಳು ಪೈಪ್ ಬೆಸುಗೆ ಹಾಕಿರ್ತಾರೆ. ಕಾಲಲ್ಲಿ ಒದ್ದರೆ ಅಲುಗಾಡಿದರೆ ಅದು ತೋರಿಕೆಗೆ. ಗಾಡಿ ಕೆಟ್ಟರೆ ತ್ರಿಕೋನ ಕನಿಷ್ಠ 50 ಮೀಟರ್ ಹಿಂದೆ. ಲಾರಿ ಬಾಲಕ್ಕೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟರೆ 100ರಲ್ಲಿ ಬರುವವನಿಗೆ ಎಂಥ ಉಪಯೋಗ? 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿ ಗಸ್ತು, ಕ್ರೇನ್ ಬರ್ತದೆ.

ಶಿರಾಡಿ ಇಳಿಯುವಾಗ ಡೀಸೆಲ್ ಉಳಿಸಲಿಕ್ಕೆ ನ್ಯೂಟ್ರಲ್ ಹಾಕುವವರಿಗೆ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ. ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಲೈನಿಂಗ್ ಹಿಡಿಯುವುದೇ ಇಲ್ಲ. ಕಮಟು ವಾಸನೆ ಬಂದರೆ ಆಗಲೇ ತಡವಾಗಿದೆ.

ಸ್ಟಾಪ್ ಲೈನ್

ತಪಾಸಣೆ ನಿಲ್ಲಿಸೋ ರೀತಿ ಬಗ್ಗೆಯೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ನಿಲ್ಲಿಸುವಾಗ ಬಿದ್ದು ಪುಟ್ಟ ಮಗು ಸತ್ತಿತು. ನಿಯಮ ಪಾಲನೆ ಮಾಡಿಸುವ ಕ್ರಮವೇ ಅಪಾಯ ಆದರೆ ಜನ ನಿಯಮವನ್ನೇ ದ್ವೇಷಿಸ್ತಾರೆ.

ಸರಿಯಾದ ತಪಾಸಣೆ ಹೀಗಿರಬೇಕು. ತಿರುವಿನ ಮರೆ, ಸೇತುವೆ ಇಳಿಜಾರು, ಮರದ ನೆರಳು ಬೇಡ. ಕನಿಷ್ಠ 100 ಮೀಟರ್ ಮೊದಲೇ ಬೋರ್ಡ್, ಹೆದ್ದಾರಿಯಲ್ಲಾದರೆ ಇನ್ನೂ ದೂರ. ಕೋನ್‌ಗಳನ್ನು ಅಡ್ಡ ಸಾಲಲ್ಲಿ ಇಡಬೇಡಿ, ಓರೆಯಾಗಿ ಒಂದು ಲೇನನ್ನು ನಿಧಾನ ಕಿರಿದು ಮಾಡುತ್ತಾ ಹೋಗಿ. ಸಿಬ್ಬಂದಿಗೆ ಪ್ರತಿಫಲಕ ಅಂಗಿ, ಕೈಯಲ್ಲಿ ಮಿನುಗುವ ಲಾಠಿದೀಪ. ಓಡ್ತಿರೋ ಬೈಕಿನ ಹ್ಯಾಂಡಲ್, ಕೀ, ಕೈ ಯಾವುದಕ್ಕೂ ಕೈ ಹಾಕುವಂತಿಲ್ಲ. ತಪ್ಪಿಸಿಕೊಂಡು ಓಡಿದರೆ ಓಡಲಿ, ನಂಬರ್ ಬರೆದುಕೊಳ್ಳಿ, ಬೆನ್ನಟ್ಟಬೇಡಿ. ನಂಬರಿಗೆ ನೋಟಿಸ್ ಕಳಿಸೋಕೇ ತಾನೆ ಅಷ್ಟೆಲ್ಲ ಕ್ಯಾಮೆರಾ ಕೊಟ್ಟಿರೋದು?

ಕುಡಿದವರ ತಪಾಸಣೆಯಲ್ಲಿ ಕೇಸ್ ಬಿದ್ದುಹೋಗೋದು ಎರಡು ಕಡೆ. ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೌತ್‌ವಾಶ್ ಹಾಕಿದ್ದೆ, ಕೆಮ್ಮಿನ ಔಷಧಿ ಕುಡಿದಿದ್ದೆ ಅಂದರೆ ವಾದ ಬೇಡ, 15 ನಿಮಿಷ ಕೂರಿಸಿ ಮತ್ತೊಮ್ಮೆ ಊದಿಸಿ. ಬಾಯಲ್ಲಿನ ಆಲ್ಕೊಹಾಲ್ ಆರಿಹೋಗುತ್ತೆ, ರಕ್ತದಲ್ಲಿರೋದು ಹೋಗೋದಿಲ್ಲ. ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ನಳಿಕೆ, ಚೀಟಿಯಲ್ಲಿ ಯಂತ್ರದ ಸಂಖ್ಯೆ, ಸಮಯ. ಎರಡನೇದು, ಬಂಧಿಸಿದರೆ ಕಲಂ 202 ಪ್ರಕಾರ 2 ಗಂಟೆಯೊಳಗೆ ವೈದ್ಯರ ತಪಾಸಣೆ ಆಗಲೇಬೇಕು, ಇಲ್ಲದಿದ್ದರೆ ಬಿಡಬೇಕು. ಶನಿವಾರ ರಾತ್ರಿ ಆಸ್ಪತ್ರೆ ಸಾಲಲ್ಲಿ ಆ 2 ಗಂಟೆ ಕಳೆದುಹೋಗುತ್ತೆ.

ದಾರಿಬುತ್ತಿ

ಜನರೇ ವಿಡಿಯೊ ಕಳಿಸೋದು? ಡ್ಯಾಶ್‌ಕ್ಯಾಮ್ ಇರೋರು ಈಗ ಬೇಕಾದಷ್ಟು ಜನ. ಅದು ಎಲ್ಲಿಯವರೆಗೆ ನಿಲ್ಲುತ್ತೆ?

ವಕಾಲತ್ತು

ಬೆಂಗಳೂರಿನೊಳಗೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಹಾಕಬಹುದು. ದಂಡದ ನೋಟಿಸಿಗೆ ಸ್ಪಷ್ಟ ಫೋಟೊ, ಜಾಗ, ಸಮಯ ಸಾಕಾಗುತ್ತೆ. ಆದರೆ ಅಪಘಾತ ಆಗಿ ಕೇಸ್ ನಡೆಯಬೇಕು ಅಂದರೆ ಒಂದಷ್ಟು ಎಚ್ಚರ ಬೇಕು. ವಾಟ್ಸ್‌ಆ್ಯಪಲ್ಲಿ ಕಳಿಸಿದ ವಿಡಿಯೊ ಕುಗ್ಗಿ ಬದಲಾಗಿರುತ್ತೆ, ಮೂಲ ಫೈಲನ್ನು ಮೆಮೊರಿ ಕಾರ್ಡ್ ಸಮೇತ ತೆಗೆದಿಡಿ. ಕ್ಯಾಮೆರಾ ಹಳೇದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತೆ, ಆ ದಿನವೇ ಕಾರ್ಡ್ ತೆಗೆಯದಿದ್ದರೆ ಸಾಕ್ಷ್ಯ ಹೋಯ್ತು. ಘಟನೆಯ ಎರಡು ಸೆಕೆಂಡ್ ಕತ್ತರಿಸಿ ಕೊಡಬೇಡಿ, ಹಿಂದೆ ಮುಂದೆ ಅರ್ಧ ಅರ್ಧ ನಿಮಿಷ ಇರಲಿ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಎಷ್ಟು ನಿಮಿಷ ತಪ್ಪು ಅಂತ ಅವತ್ತೇ ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲ್ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಹೊಂದೋದಿಲ್ಲ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆದರಬೇಕಿಲ್ಲ. ಕಲಂ 134ಎ ಇದೆ, ಹೆಸರು ಹೇಳಿ ಅಂತ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುವಿಗೆ ಮೊದಲ 7 ದಿನದವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಫೋನ್ 112ಕ್ಕೆ.

ಕೆಂಪುಗೂಟ

ಸರಿ ಸ್ವಾಮಿ, ಈಗ ಕೈಗೆ ಏನು ಕೆಲಸ? ಇಷ್ಟು ಓದಿ ಮತ್ತೆ ಬಲಗಡೆ ಲೇನಲ್ಲಿ 60ರಲ್ಲಿ ಹೋಗೋ ಲಾರಿ ಹಿಂದೆ ಹಾರ್ನ್ ಹೊಡ್ಕೊಂಡು ಕೂರೋದಾ?

ವಕಾಲತ್ತು

ಮಾಹಿತಿ ಹಕ್ಕು ಹಾಕಿ. ನಮಗೆ ಬೇಕಿರೋದು ಎರಡು ಅಂಕಿ. ಕಳೆದ ಒಂದು ವರ್ಷದಲ್ಲಿ ಜಿಲ್ಲಾ ಪೊಲೀಸರು 206(4)ರಲ್ಲಿ ಆರ್‌ಟಿಒಗೆ ಕಳಿಸಿದ ಲೈಸೆನ್ಸ್ ಎಷ್ಟು, ಆರ್‌ಟಿಒ ಕಲಂ 19ರಲ್ಲಿ ಅಮಾನತು ಮಾಡಿದ್ದು ಎಷ್ಟು. ಮೊದಲನೆಯದು ಸೊನ್ನೆ ಹತ್ತಿರ ಇದ್ದರೆ ಕೊಂಡಿ ಠಾಣೆಯಲ್ಲಿ ಕಳಚಿದೆ. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು ಅಂದ್ರೆ ಆರ್‌ಟಿಒ ಮೇಜಿನಲ್ಲಿ. ಜೊತೆಗೆ ಕಲಂ 133ರಲ್ಲಿ ಎಷ್ಟು ನೋಟಿಸ್ ಹೋಗಿದೆ ಅಂತಲೂ ಕೇಳಿ. 10 ರೂ. ಶುಲ್ಕ, 30 ದಿನ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಮದ್ದೂರು ವಡೆ

ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಮಂಡ್ಯ, ಮೈಸೂರು ಮೂರು ಜಿಲ್ಲೆಗೂ ಬೇರೆ ಬೇರೆ ಹಾಕಬೇಕಲ್ವಾ? ಹೆದ್ದಾರಿ ಒಂದೇ, ಪೊಲೀಸ್ ಮೂರು. ಮಂಡ್ಯದ್ದು ನಾನು ಬರೀತೀನಿ, ಎಲ್ಲಾ ಪ್ರಶ್ನೆ ಒಂದೇ ಅರ್ಜೀಲಿ ಸೇರಿಸ್ತೀನಿ.

ವಕಾಲತ್ತು

ಸೇರಿಸಬೇಡಿ ಮೇಡಂ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ದಾಟಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಎಸ್‌ಪಿ ಕಚೇರಿಗೆ ಒಂದು, ಆರ್‌ಟಿಒಗೆ ಒಂದು. ಪೀಠಿಕೆ, "ಮಾನ್ಯರೇ ದಿನೇ ದಿನೇ ಅಪಘಾತಗಳು" ಅದೆಲ್ಲ ಬೇಡ, ಕಲಂ ಸಂಖ್ಯೆ, ಅವಧಿ, ಎಷ್ಟು ಅಂತ ಮೂರು ಸಾಲು ಬರೆದು ಸಹಿ ಹಾಕಿ.